ಚಾಮರಾಜಣ್ಣ ಮತ್ತು ಸನ್ನಡತೆಯ ಕೈದಿ

ಚಾಮರಾಜಣ್ಣನವರನ್ನು ನಾನು ಮೊದಲು ಕಂಡದ್ದು ಕೋವ್ ಊರಿನ ದಕ್ಕೆಯ ಮೇಲೆ, 2020ರ ಜುಲೈ ಕೊನೆಯ ಒಂದು ಶನಿವಾರ ಬೆಳಿಗ್ಗೆ. ಲಾಕ್‌ಡೌನ್ ಸಡಿಲವಾಗಿ, ಐರ್ಲೆಂಡಿನೊಳಗೆ ಎಲ್ಲಿಗೆ ಬೇಕಾದರೂ ಹೋಗಬಹುದು ಎಂದು ಸರ್ಕಾರ ಹೇಳಿ ಕೆಲವು ವಾರಗಳಾಗಿದ್ದವು. ನಾನೂ ನನ್ನ ರೂಮ್‌ಮೇಟ್ ಶಶಾಂಕನೂ ಕಾರ್ಕ್ ನಗರದಿಂದ ರೈಲು ಹತ್ತಿ ಬಂದಿದ್ದೆವು. ಇಬ್ಬರಿಗೂ ನಗರದ ಹಾಲಿಹಿಲ್‌ನಲ್ಲಿದ್ದ ಒಂದೇ ಕಂಪನಿಯ ಕ್ಯಾಂಪಸ್‌ನಲ್ಲಿ ಕೆಲಸ. ಮಾರ್ಚ್‌ನಿಂದ ಕ್ಯಾಂಪಸ್ ನೋಡದೆ, ಅಡುಗೆಮನೆಯ ಮೇಜಿನ ಎರಡು ಕಡೆ ಕೂತು ಕೆಲಸ ಮಾಡಿ, ಒಬ್ಬರ ಮುಖ ಒಬ್ಬರಿಗೆ ಬೇಸರ ಬಂದುಹೋಗಿತ್ತು. ಬಂದರಿನ ಸುತ್ತ ದೋಣಿಯಲ್ಲಿ ಒಂದು ಸುತ್ತು ಹಾಕಿಸಿ, ಹಳೆಯ ಹಡಗುಜೈಲಿನ ಕಥೆ ಹೇಳುತ್ತಾರೆ ಎಂಬ ಜಾಹೀರಾತು ನೋಡಿ ಟಿಕೆಟ್ ತೆಗೆದಿದ್ದೆವು.

ದೋಣಿಯ ಹತ್ತಿರ ಒಬ್ಬ ಮನುಷ್ಯ ನಿಂತಿದ್ದರು. ಮೈಗಿಂತ ದೊಡ್ಡದಾದ ನೀಲಿ ರೈನ್‌ಕೋಟು, ಕಪ್ಪು ಮಾಸ್ಕು, ಉಸಿರಿಗೆ ಮಂಜಾಗುತ್ತಿದ್ದ ಕನ್ನಡಕ. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದರು. ಬಂದವರನ್ನೆಲ್ಲ ಇಬ್ಬಿಬ್ಬರನ್ನಾಗಿ ಜೋಡಿ ಮಾಡಿ ಸಾಲು ನಿಲ್ಲಿಸಿ, ಪ್ರತಿ ಜೋಡಿಯತ್ತಲೂ ಬೆರಳು ತೋರಿಸುತ್ತ ತಲೆ ಎಣಿಸಿದರು. ಸಾಲಿನ ಹಿಂದಿನಿಂದ ಇನ್ನೊಮ್ಮೆ ಎಣಿಸಿದರು. ನನ್ನ ಬೆನ್ನಚೀಲವನ್ನು, ಅದರಲ್ಲಿ ಏನಿರಬಹುದು ಎಂದು ಅಳೆಯುವವರಂತೆ ನೋಡಿದರು. ಸಾಲಿನಲ್ಲಿದ್ದ ಐರಿಷ್ ಮುದುಕರೊಬ್ಬರು ಕೆಮ್ಮಿದಾಗ ಎಲ್ಲರೂ ಒಂದು ಹೆಜ್ಜೆ ಸರಿದರು. ಇವರು ಮಾತ್ರ ಕದಲದೆ ಆ ಮುದುಕರ ಕೈಗಳನ್ನೇ ಗಮನಿಸುತ್ತಿದ್ದರು.

ಶಶಾಂಕ ನನ್ನ ಕಿವಿಯ ಹತ್ತಿರ ಬಂದು, "ಏನ್ ಗುರೂ ಇವ್ನು, ಜೈಲಲ್ಲಿ ಎಣಿಸ್ದಂಗೆ ಎಣಿಸ್ತಾವ್ನೆ" ಎಂದ.

ಆ ಮನುಷ್ಯ ನಮ್ಮತ್ತ ತಿರುಗಲೂ ಇಲ್ಲ. "ಜೈಲಲ್ಲೇ ಕಲ್ತಿದ್ದು ಕಣಪ್ಪ. ಸಾಲು ಬಿಟ್ಟು ನಿಲ್ಬೇಡ, ಲೆಕ್ಕ ತಪ್ತದೆ" ಎಂದರು, ಅಚ್ಚ ಕನ್ನಡದಲ್ಲಿ.

ಪರದೇಶದಲ್ಲಿ ಕನ್ನಡ ಕೇಳಿದರೆ ಖುಷಿಯಾಗಬೇಕು. ನಮಗೆ ಗಾಬರಿಯಾಯಿತು. ದೋಣಿಯಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂತ ಶಶಾಂಕ ಪರ್ಸನ್ನು ಹಿಂದಿನ ಜೇಬಿನಿಂದ ಮುಂದಿನ ಜೇಬಿಗೆ ಹಾಕಿಕೊಂಡ. "ಜೈಲಿಗ್ ಹೋಗಿದ್ದೋನಿಗೆ ವೀಸಾ ಹೆಂಗ್ ಕೊಟ್ರು? ಹೆಸ್ರೇ ಬದ್ಲಾಯಿಸ್ಕೊಂಡಿರ್ಬೇಕು" ಎಂದು ಪಿಸುಗುಟ್ಟಿದ. ನನಗೂ ಹಾಗೇ ಅನ್ನಿಸಿತು.

ದೋಣಿ ನಡೆಸುತ್ತಿದ್ದವರು ನೋರೀನ್ ಎಂಬ ಎಪ್ಪತ್ತು ದಾಟಿದ ಹೆಂಗಸು. ದೋಣಿ ಅವರದೇ. ಗಂಡ ತೀರಿಕೊಂಡ ಮೇಲೂ ಮಾರಲಿಲ್ಲವಂತೆ. ವಯಸ್ಸಾದವರು ಜನರಿಂದ ದೂರವಿರಬೇಕು ಎಂಬ ಸೂಚನೆ ಇದ್ದುದರಿಂದ ಅವರು ಗಾಜಿನ ಕ್ಯಾಬಿನ್ನಿನೊಳಗೆ ಒಬ್ಬರೇ ಕೂತು ಚುಕ್ಕಾಣಿ ಹಿಡಿದು, ಮೈಕಿನಲ್ಲಿ ಕಥೆ ಹೇಳುತ್ತಿದ್ದರು. ಅವರ ಇಂಗ್ಲಿಷ್ ಮಾತುಗಳನ್ನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸುಮಾರು ಇನ್ನೂರು ವರ್ಷಗಳ ಹಿಂದೆ ಬ್ರಿಟಿಷ್ ಸರ್ಕಾರದ ಹತ್ತಿರ ಜೈಲುಗಳಲ್ಲಿ ಜಾಗ ಸಾಲುತ್ತಿರಲಿಲ್ಲ. ಯುದ್ಧದಿಂದ ನಿವೃತ್ತವಾದ ಹಡಗುಗಳ ಹಾಯಿಕಂಬ ಕತ್ತರಿಸಿ, ಬಂದರಿನಲ್ಲಿ ಲಂಗರು ಹಾಕಿ, ಅವುಗಳ ಹೊಟ್ಟೆಯೊಳಗೆ ಕೈದಿಗಳನ್ನು ತುಂಬುತ್ತಿದ್ದರು. ಆಸ್ಟ್ರೇಲಿಯಾಕ್ಕೆ ಗಡೀಪಾರಾಗಬೇಕಾದವರು ಅಲ್ಲಿ ಕಾಯಬೇಕು. ಕೆಲವರು ಅಲ್ಲೇ ವರ್ಷಗಟ್ಟಲೆ ಕೊಳೆಯುತ್ತಿದ್ದರು. ಅಂಥ ಒಂದು ಹಡಗು ಇಲ್ಲೂ ನಿಂತಿತ್ತು. ಕುರಿ ಕದ್ದು ಸಿಕ್ಕಿಬಿದ್ದ ಕಾನ್ ಎಂಬ ಯುವಕನನ್ನು ಅದರೊಳಗೆ ಹಾಕಿದ್ದರು. ಅವನು ನೋರೀನ್ ಅವರ ಮುತ್ತಾತನ ತಂದೆ. 1832ರಲ್ಲಿ ಕಾಲರಾ ಬಂತು. ಕಾನ್ ರೋಗಿಗಳಿಗೆ ನೀರು ಹೊತ್ತ. ಯಾರೊಂದಿಗೂ ಜಗಳವಾಡಲಿಲ್ಲ. ಹಡಗಿನ ಕ್ಯಾಪ್ಟನ್ ಅವನ ಸನ್ನಡತೆಯ ಬಗ್ಗೆ ಮೇಲಕ್ಕೆ ಬರೆದ. ಕ್ಷಮಾದಾನ ಸಿಕ್ಕಿ, ಕಾನ್ ದೋಣಿಯಲ್ಲಿ ದಡಕ್ಕೆ ಬಂದು ನಡೆದುಕೊಂಡೇ ಮನೆ ಸೇರಿದ.

"ರಾಜನೇ ಅವನನ್ನು ಕ್ಷಮಿಸಿದ, ನೋಡಿ!" ಎಂದು ನೋರೀನ್ ಮುಗಿಸಿದಾಗ ಜನ ಚಪ್ಪಾಳೆ ತಟ್ಟಿದರು. ಹಗ್ಗ ಸುತ್ತುತ್ತಿದ್ದ ಆ ಕನ್ನಡದ ಮನುಷ್ಯ ಮಾತ್ರ ತಟ್ಟಲಿಲ್ಲ.

ದಡಕ್ಕೆ ಬಂದ ಮೇಲೆ ನಾನೇ ಧೈರ್ಯ ಮಾಡಿ ಮಾತಾಡಿಸಿದೆ. "ನೀವು ಜೈಲಲ್ಲಿ ಎಷ್ಟು ವರ್ಷ ಇದ್ರಿ ಸಾರ್?"

"ಹದಿನೆಂಟು ವರ್ಷ. ಡ್ಯೂಟಿ ಮುಗಿದ್ಮೇಲೆ ಮನೆಗೂ ಹೋಗ್ತಿದ್ದೆ" ಎಂದು ಮಾಸ್ಕಿನೊಳಗೇ ನಕ್ಕರು. "ವಾರ್ಡರ್ ಆಗಿ ಸೇರಿ ಅಸಿಸ್ಟೆಂಟ್ ಜೈಲರ್ ಆಗಿದ್ದೆ. ನಿನ್ ಫ್ರೆಂಡ್‌ಗೆ ಹೇಳು, ಪರ್ಸನ್ನ ಮತ್ತೆ ಹಿಂದಿನ ಜೇಬಿಗ್ ಹಾಕ್ಕೊಳ್ಳಲಿ."

ಶಶಾಂಕನ ಮುಖ ನೋಡುವಂತಿತ್ತು.

ಆಮೇಲೆ ಅವರ ವಿಷಯ ತಿಳಿಯಿತು. ಊರು ಚಾಮರಾಜನಗರದ ಕಡೆ. ಕೆಲಸ ಹಳೆ ಮೈಸೂರು ಸೀಮೆಯ ಒಂದು ಜೈಲಿನಲ್ಲಿ. ಹೆಂಡತಿ ಜಯಮಾಲಾ, ಅವರ ಸೋದರತ್ತೆಯ ಮಗಳೇ. ಮೈಸೂರಿನಲ್ಲಿ ಎಂಬಿಬಿಎಸ್ ಓದಿ, ಕಾರ್ಕ್‌ನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಾಗಿ ಸೇರಿದವರು. ಅವರಿಗಾಗಿ ಚಾಮರಾಜಣ್ಣ ನೌಕರಿ ಬಿಟ್ಟು ಬಂದರು. ಇಲ್ಲಿ ಎರಡು ವರ್ಷ ಅಡುಗೆ ಮಾಡಿ, ಬಟ್ಟೆ ಮಡಚಿ, ಕಿಟಕಿಯಿಂದ ಬಂದರು ನೋಡುತ್ತ ಕಳೆದಿದ್ದರು. ಕನ್ನಡದವರು ಸೇರಿದಲ್ಲೆಲ್ಲ "ಡಾಕ್ಟರ್ ಯಜಮಾನ್ರು ಬಂದ್ರು" ಎನ್ನುತ್ತಿದ್ದರಂತೆ. ಆ ಹೆಸರು ಅವರಿಗೆ ಚುಚ್ಚುತ್ತಿತ್ತು. ಹಗ್ಗ ಹಿಡಿಯಲು, ಜನ ಹತ್ತಿಸಲು ಆಳು ಬೇಕೆಂದು ನೋರೀನ್ ಅಂಗಡಿಯೊಂದರ ಬಾಗಿಲಿಗೆ ಚೀಟಿ ಅಂಟಿಸಿದ್ದನ್ನು ನೋಡಿ ಹೋಗಿ ಕೇಳಿ, 2019ರ ಬೇಸಿಗೆಯಿಂದ ದೋಣಿಗೆ ಸೇರಿದ್ದರು.

"ಈ ದೋಣಿ ಇಲ್ದಿದ್ರೆ ನಂಗೆ ಈ ದೇಶದಲ್ಲಿ ಹೆಸ್ರೇ ಇಲ್ಲ ಕಣಪ್ಪ. ಇಲ್ಲಿ ನಾನು ಚಾಮ್. ಮಿಕ್ಕ ಕಡೆ ಎಲ್ಲಾ ಜಯಮಾಲನ ಗಂಡ" ಎಂದು ನನ್ನ ಹತ್ತಿರ ಹೇಳಿದ್ದರು. ಅವರು ಅದನ್ನು ತಮಾಷೆಗೆ ಹೇಳಿದ್ದಲ್ಲ ಎಂದು ಅರ್ಥವಾಗಲು ನನಗೆ ಸ್ವಲ್ಪ ಕಾಲ ಬೇಕಾಯಿತು.

ಅವರ ಸ್ವಭಾವದಲ್ಲಿ ಎದ್ದು ಕಾಣುತ್ತಿದ್ದದ್ದು ಅನುಮಾನ. ಪಬ್ಬಿನ ಹೊರಗೆ ಯಾರಾದರೂ ಸುಮ್ಮನೆ ನಿಂತಿದ್ದರೆ ಯಾರನ್ನು ಕಾಯುತ್ತಿದ್ದಾರೆ ಎಂದು ಯೋಚಿಸುವರು. ಪಕ್ಕದ ಮನೆಯವರು ಕೇಕ್ ಕೊಟ್ಟರೆ ಏನು ಕೇಳಲಿಕ್ಕಿದ್ದಾರೆ ಎನ್ನುವರು. ಆ ವರ್ಷ ಎಲ್ಲರೂ ಎಲ್ಲರನ್ನೂ ಅನುಮಾನಿಸುತ್ತಿದ್ದುದರಿಂದ ಅವರದು ಅಷ್ಟಾಗಿ ಕಣ್ಣಿಗೆ ಬೀಳುತ್ತಿರಲಿಲ್ಲ. ಜಯಮಾಲಾ ಅವರಿಗೆ ಕೋವಿಡ್ ವಾರ್ಡಿನಲ್ಲಿ ಡ್ಯೂಟಿ. ಮನೆಗೆ ಬಂದವರು ಬೂಟು ಹೊರಗೆ ಬಿಟ್ಟು, ಮೇಲಿನ ಕೋಣೆಯಲ್ಲಿ ಬೇರೆಯಾಗಿ ಇರುತ್ತಿದ್ದರು. ಊಟದ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಇವರು ಕೆಳಗಿಳಿಯಬೇಕು. "ಯಾರ್ ಕೈದಿ, ಯಾರ್ ಜೈಲರ್ ಗೊತ್ತಾಗ್ತಿಲ್ಲ" ಎನ್ನುತ್ತಿದ್ದರು.

ಆಗಸ್ಟ್‌ನಲ್ಲಿ ನೋರೀನ್ ಅವರ ಗಂಟಲು ಸೋತಿತು. ಪರೀಕ್ಷೆಯಲ್ಲಿ ಕೋವಿಡ್ ಅಲ್ಲ ಎಂದು ಬಂತು. ಆದರೂ ಮೈಕಿನಲ್ಲಿ ಕೆಮ್ಮಿದರೆ ಪ್ರಯಾಣಿಕರು ಹೆದರುತ್ತಾರೆ. "ಚಾಮ್, ಇನ್ನು ಮೇಲೆ ಕಥೆ ನೀನೇ ಹೇಳು" ಎಂದು ಮೈಕನ್ನು ಕೊಟ್ಟರು. ಚಾಮರಾಜಣ್ಣ ಆ ಸಂಜೆಯೇ ನನಗೆ ಫೋನ್ ಮಾಡಿದರು. ಇಂಗ್ಲಿಷ್ ತಿದ್ದಿಕೊಡಬೇಕಂತೆ. ಹೀಗೆ ನಾನು ಶನಿವಾರಗಳಂದು ಕೋವ್‌ಗೆ ಹೋಗತೊಡಗಿದೆ.

ಕಥೆಯನ್ನು ತಿದ್ದುವಾಗಲೇ ಅವರ ಅನುಮಾನ ಹೊರಬಿತ್ತು.

"ನೀನು ಈ ಕಾನ್ ಕಥೆ ನಂಬ್ತೀಯಾ?" ಎಂದು ಕೇಳಿದರು.

"ಯಾಕಣ್ಣ?"

"ನಮ್ಮಲ್ಲಿ ಆಗಸ್ಟ್ ಹದಿನೈದಕ್ಕೆ ಸನ್ನಡತೆ ಮೇಲೆ ಬಿಡ್ತೀವಲ್ಲ, ಪೇಪರ್‌ನಲ್ಲಿ ಫೋಟೋ ಬರ್ತದಲ್ಲ, ಆ ಲಿಸ್ಟಿಗೆ ಹೆಸರು ಹೋಗೋದು ಹೆಂಗೆ ಅಂತ ನಾನು ನೋಡಿದೀನಿ. ಒಳ್ಳೆ ನಡತೆ ಅನ್ನೋದು ಕೈದಿ ಹತ್ರ ಇರಲ್ಲಪ್ಪ. ಬರೆಯೋನ ಕೈಲಿರ್ತದೆ. ಅಷ್ಟು ಜನ ಹಡಗಲ್ಲಿದ್ರು. ಸುಮ್ನಿದ್ದೋರು ಬೇಕಾದಷ್ಟು ಜನ ಇರ್ತಾರೆ. ಇವ್ನೇ ಯಾಕೆ?"

"ನೀರು ಹೊತ್ತ ಅಂತಾರಲ್ಲ."

"ನೀರು ಹೊರೋನಿಗೆ ಎಲ್ಲಾ ಕಡೆ ಓಡಾಡೋಕೆ ಬಿಡ್ತಾರೆ. ಎಲ್ಲಾ ಕಡೆ ಓಡಾಡೋನಿಗೆ ಎಲ್ಲಾ ಮಾತೂ ಕೇಳಿಸ್ತದೆ." ಹಾಗೇ ಮುಂದುವರಿಸಿದರು: "ರಾತ್ರಿ ಬೀಗ ಹಾಕಿದ್ಮೇಲೆ ಬ್ಯಾರಕ್ ಒಳಗೆ ಏನು ನಡೀತದೆ ಅಂತ ಜೈಲರ್‌ಗೆ ಗೊತ್ತಾಗ್ಬೇಕಲ್ಲ? ಅದಕ್ಕೆ ಒಳಗೆ ಒಂದು ಕಿವಿ ಬೇಕು. ನಮಗೂ ಇದ್ದ, ಬಸವಣ್ಣ ಅಂತ. ಬಂಗಾರದಂಥ ಮನುಷ್ಯ. ಅವನು ಸುದ್ದಿ ಕೊಟ್ಟಿದ್ದಕ್ಕೆ ಒಂದು ಸಲ ಎರಡು ಜೀವ ಉಳೀತು. ಈ ಕಾನ್ ಕೂಡ ಅಂಥೋನೇ. ಕ್ಯಾಪ್ಟನ್‌ಗೆ ಕಿವಿ."

ಅವರ ದನಿಯಲ್ಲಿ ತಿರಸ್ಕಾರವಿರಲಿಲ್ಲ. ಜೈಲರ್ ಕಣ್ಣಿಗೆ ಅಂಥ ಕೈದಿ ಎಲ್ಲರಿಗಿಂತ ಮೇಲು. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಆದರೆ ಬರೆದುಕೊಟ್ಟ ಕಥೆಯಲ್ಲಿ ಅದನ್ನು ಸೇರಿಸಲಿಲ್ಲ. ನೋರೀನ್ ಹೇಳುತ್ತಿದ್ದ ಕಥೆಯನ್ನೇ ಬರೆದೆವು.

ಸೆಪ್ಟೆಂಬರ್ ಮೊದಲ ವಾರ ನೋರೀನ್ ಅವರ ನೆಂಟರೇ ದೋಣಿ ಗೊತ್ತು ಮಾಡಿದ್ದರು. ನಿಯಮಕ್ಕೆ ತಕ್ಕಂತೆ ಕೆಲವೇ ಜನ. ಮದುವೆ, ಸಾವು ಯಾವುದಕ್ಕೂ ಸೇರಲಾಗದ ಆ ವರ್ಷದಲ್ಲಿ ದೋಣಿಯ ಮೇಲಾದರೂ ಮುಖ ನೋಡೋಣ ಎಂದು ಬಂದಿದ್ದರು. ನಾನೂ ಇದ್ದೆ, ಸ್ಪೀಕರ್ ನೋಡಿಕೊಳ್ಳಲು. ಹಡಗು ನಿಂತಿದ್ದ ಜಾಗಕ್ಕೆ ಬಂದು ಚಾಮರಾಜಣ್ಣ ಕಥೆ ಹೇಳಿದರು. ಚೆನ್ನಾಗಿಯೇ ಹೇಳಿದರು. ಮುಗಿದ ಮೇಲೆ ನೋರೀನ್ ಅವರ ತಮ್ಮ, ಕೆಂಪು ಟೋಪಿಯ ಭಾರಿ ಆಳು, ಕೇಳಿದ:

"ನಮ್ಮ ಮನೆಯಲ್ಲಿ ಇದನ್ನು ಚಿಕ್ಕಂದಿನಿಂದ ಕೇಳುತ್ತಿದ್ದೇನೆ. ನೀನು ಜೈಲಿನಲ್ಲಿ ಕೆಲಸ ಮಾಡಿದವನಂತೆ. ನೀನು ಹೇಳು. ಅಷ್ಟು ಜನರಲ್ಲಿ ನಮ್ಮ ಕಾನ್‌ನನ್ನೇ ಯಾಕೆ ಬಿಟ್ಟರು?"

ಚಾಮರಾಜಣ್ಣನವರ ಬೆನ್ನು ನೆಟ್ಟಗಾಯಿತು. ಅವರ ಕಸುಬಿನ ಬಗ್ಗೆ ಈ ದೇಶದಲ್ಲಿ ಯಾರೋ ಗೌರವದಿಂದ ಕೇಳಿದ್ದು ಅದೇ ಮೊದಲಿರಬೇಕು.

"ಕ್ಯಾಪ್ಟನ್‌ಗೆ ಒಳಗಿನ ಸುದ್ದಿ ಕೊಡಲು ಒಬ್ಬ ನಂಬಿಕೆಯ ಮನುಷ್ಯ ಬೇಕಿತ್ತು, ಸರ್. ಕಾನ್ ಆ ಮನುಷ್ಯನಾಗಿದ್ದಿರಬೇಕು. ಆ ಕ್ಯಾಪ್ಟನ್ ಜಾಗದಲ್ಲಿ ನಾನಿದ್ದರೂ ಅಂಥವನ ಹೆಸರನ್ನೇ ಬರೆಯುತ್ತಿದ್ದೆ."

"ಇನ್‌ಫಾರ್ಮರ್ ಅನ್ನುತ್ತಿದ್ದೀಯಾ?"

"ಹೌದು ಸರ್. ತುಂಬ ಒಳ್ಳೆಯ ಇನ್‌ಫಾರ್ಮರ್."

ಕೆಂಪು ಟೋಪಿಯವನು ಎದ್ದು ನಿಂತ. ಅವನ ಹೆಂಡತಿ ತೋಳು ಹಿಡಿದು ಕೂರಿಸಿದಳು. ಹೆಂಗಸೊಬ್ಬರು ಶಿಲುಬೆಯ ಗುರುತು ಮಾಡಿಕೊಂಡರು. ಚಾಮರಾಜಣ್ಣ ನನ್ನತ್ತ ನೋಡಿದರು. ಏನಾಯಿತು ಎಂದು ನನಗೂ ತಿಳಿಯಲಿಲ್ಲ. ಗಾಜಿನ ಹಿಂದೆ ನೋರೀನ್ ಯಾರನ್ನೂ ನೋಡದೆ ದೋಣಿಯನ್ನು ದಡದ ಕಡೆ ತಿರುಗಿಸಿದರು.

ದಕ್ಕೆಯಲ್ಲಿ ಎಲ್ಲರೂ ಇಳಿದು ಹೋದ ಮೇಲೆ ಚಾಮರಾಜಣ್ಣ ಕ್ಯಾಬಿನ್ನಿನ ಬಳಿ ಹೋಗಿ, "ಏನಾದರೂ ತಪ್ಪಾಯಿತಾ ಮೇಡಂ?" ಎಂದು ಕೇಳಿದರು.

"ಗ್ರ್ಯಾಂಡ್, ಚಾಮ್. ಎಲ್ಲ ಗ್ರ್ಯಾಂಡ್" ಎಂದರು ನೋರೀನ್. ಎಲ್ಲ ಸರಿಯಿದೆ ಎನ್ನಲು ಇಲ್ಲಿಯವರು ಮಾತುಮಾತಿಗೂ ಬಳಸುವ ಪದ ಅದು. "ನಾಳೆ ಬರಬೇಡ. ಬೇಕಾದಾಗ ಫೋನ್ ಮಾಡುತ್ತೇನೆ."

ಸೋಮವಾರ ವಿಡಿಯೊ ಕಾಲ್‌ನಲ್ಲಿ ನನ್ನ ಸಹೋದ್ಯೋಗಿ ಫಿನ್‌ಬಾರ್‌ಗೆ ಇದನ್ನು ಹೇಳಿದೆ. ಅವನು ಕಾರ್ಕ್‌ನವನೇ. ಚಹಾದ ಕಪ್ಪನ್ನು ಕೆಳಗಿಟ್ಟು ನನ್ನನ್ನು ನೋಡಿದ.

"ಅವರ ಮನೆಯವರ ಎದುರಿಗೇ ಹೇಳಿದನಾ? ದೇವರೇ! ನೋಡು, ಇಲ್ಲಿ ಒಬ್ಬನ ತಾತನನ್ನು ಕಳ್ಳ ಅನ್ನು, ಕುಡುಕ ಅನ್ನು, ಕೊಲೆಗಾರ ಅನ್ನು. ಅವರೇ ಹಾಡು ಕಟ್ಟಿ ಹಾಡುತ್ತಾರೆ. ಬ್ರಿಟಿಷರಿಗೆ ಸುದ್ದಿ ಕೊಟ್ಟವನು ಅಂತ ಮಾತ್ರ ಅನ್ನಬೇಡ. ಆ ಹೆಸರು ಬಂದ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ. ಹೆಣ ಹೊರಲು ಜನ ಬರುತ್ತಿರಲಿಲ್ಲ."

ಹೆಣ ಹೊರಲು ಜನ ಬಾರದಿರುವುದು ಏನೆಂದು ನಮ್ಮೂರಿನ ಕಡೆಯವರಿಗೆ ವಿವರಿಸಬೇಕಿಲ್ಲ. ಚಾಮರಾಜಣ್ಣನವರಿಗೆ ಫೋನ್ ಮಾಡಿ ಹೇಳಿದೆ.

"ಹೊಗಳಿದ್ದಲ್ವೇನಪ್ಪ ನಾನು?" ಎಂದರು.

ನೋರೀನ್ ಫೋನ್ ಮಾಡಲಿಲ್ಲ. ದೋಣಿ ತಾವಿಲ್ಲದೆ ಓಡಾಡುತ್ತಿದ್ದುದು ಚಾಮರಾಜಣ್ಣನವರಿಗೆ ಮನೆಯ ಕಿಟಕಿಯಿಂದ ಕಾಣುತ್ತಿತ್ತು. ಹಗ್ಗ ಹಿಡಿಯಲು ಬೇರೆ ಯಾರೋ ಬಂದಿದ್ದರು. ಅಕ್ಟೋಬರ್ ಕೊನೆಗೆ ಮತ್ತೆ ಲಾಕ್‌ಡೌನ್ ಆಗಿ ದೋಣಿಯೂ ನಿಂತಿತು. ಐದು ಕಿಲೋಮೀಟರಿನ ಆಚೆ ಹೋಗುವಂತಿರಲಿಲ್ಲವಾದ್ದರಿಂದ ನಾನು ಕೋವ್‌ಗೆ ಹೋಗಲಾಗಲಿಲ್ಲ. ನಾವು ಫೋನಿನಲ್ಲೇ ಮಾತಾಡುತ್ತಿದ್ದೆವು. ಅವರ ಅನುಮಾನ ಈಗ ಮಿತಿಮೀರಿತ್ತು. ಅಂಗಡಿಯವನು ಸರಿಯಾಗಿ ಮಾತಾಡಿಸಲಿಲ್ಲ, ಊರಿಗೆಲ್ಲ ಗೊತ್ತಾಗಿರಬೇಕು ಎನ್ನುವರು. ಪಕ್ಕದ ಮನೆಯವರು ಕೇಕ್ ಕೊಡಲಿಲ್ಲ, ಅದಕ್ಕೂ ಕಾರಣ ಅದೇ ಎನ್ನುವರು. ಮೆಟ್ಟಿಲ ಮೇಲಿನಿಂದ ಜಯಮಾಲಾ ಅವರ ದನಿ ಫೋನಿನಲ್ಲಿ ನನಗೂ ಕೇಳಿಸುತ್ತಿತ್ತು.

"ಮಾವ, ಮಾಸ್ಕ್ ಹಾಕ್ಕೊಂಡೋರು ನಕ್ರೋ ಇಲ್ವೋ ನಿಂಗೆ ಹೆಂಗ್ ಕಾಣ್ತದೆ? ಕೆಲ್ಸ ಬೇಕು ಅಂದ್ರೆ ಹೋಗಿ ಸಾರಿ ಕೇಳು. ಒಂದ್ ಮಾತು."

"ತಪ್ಪು ಹೇಳ್ದೆ ಅಂತ ನಂಗೇ ಅನ್ನಿಸ್ದೆ ಹೆಂಗೆ ಕೇಳ್ಲಿ? ಆಯಮ್ಮ ಮುಖ ನೋಡಿದ್ ತಕ್ಷಣ ಕಂಡು ಹಿಡೀತಾಳೆ."

"ಹಂಗಾದ್ರೆ ಅಡುಗೆಮನೇಲೇ ಇರು!"

ಅವರಿಗೆ ದೋಣಿ ಬೇಕಿತ್ತು. ಅಷ್ಟು ಬೇಕಿದ್ದರೂ ಸುಳ್ಳು ಕ್ಷಮೆ ಕೇಳಲು ಸಿದ್ಧರಿರಲಿಲ್ಲ. ಕಾನ್ ಕ್ಯಾಪ್ಟನ್ನನ ಕಿವಿಯೇ ಎಂದು ಅವರಿಗೆ ಖಾತ್ರಿಯಿತ್ತು. ಎದುರಿಗೆ ನಿಂತ ಕೈದಿಯ ಫೈಲ್ ನೋಡುವವರಂತೆ ದಿನವೂ ಕಾನ್ ಬಗ್ಗೆಯೇ ಮಾತಾಡುತ್ತಿದ್ದರು.

ನವೆಂಬರಿನ ಒಂದು ಮಧ್ಯಾಹ್ನ ಊರಿನ ಸುದ್ದಿ ಹೇಳುತ್ತಿದ್ದರು. ಕೋವಿಡ್ ಬಂದಿದ್ದರಿಂದ ನಮ್ಮ ಕಡೆಯ ಜೈಲುಗಳಲ್ಲೂ ಒಳ್ಳೆಯ ನಡತೆಯ ಕೆಲವು ಕೈದಿಗಳನ್ನು ಪೆರೋಲ್ ಮೇಲೆ ಮನೆಗೆ ಕಳಿಸಿದ್ದಾರೆಂದು ಅವರ ಹಳೆಯ ಜೊತೆಗಾರರು ಹೇಳಿದರಂತೆ. ನಾನು ಸುಮ್ಮನೆ ಮಾತಿಗೆಂದು ಕೇಳಿದೆ:

"ನಿಮ್ಮ ಬಸವಣ್ಣನ್ನೂ ಬಿಟ್ಟಿರ್ತಾರಲ್ವಾ ಅಣ್ಣ?"

"ಎಲ್ಲಿ ಬಿಡ್ತಾರೆ! ಅವನ ಹೆಸರು ಯಾವ ಲಿಸ್ಟಿಗೂ ಹೋಗ್ಲಿಲ್ಲ. ನಾವು ಹಾಕಿದ್ರೂ ಅನಂತಕೃಷ್ಣ ಸಾಹೇಬ್ರು, ನಮ್ಮ ಸೂಪರಿಂಟೆಂಡೆಂಟು, ಹೊಡೆದು ಹಾಕೋರು. 'ಇವ್ನು ಹೋದ್ರೆ ಆ ಬ್ಯಾರಕ್ ಸುದ್ದಿ ನಿಮ್ಮಪ್ಪ ತರ್ತಾನೇನ್ರೀ?' ಅಂತ ಬೈಯೋರು. ಕಿವೀನ ಯಾರಾದ್ರೂ ಕಿತ್ತು ಆಚೆ ಕಳಿಸ್..."

ಮಾತು ಅಲ್ಲಿಗೇ ನಿಂತಿತು. ಫೋನ್ ಕಟ್ಟಾಯಿತೇನೋ ಎಂದುಕೊಂಡೆ.

"ಅಣ್ಣಾ?"

"ಇರಪ್ಪ" ಎಂದರು. "ಕ್ಯಾಪ್ಟನ್ ಹುಚ್ಚನಾ? ಕಾಲರಾ ಬಂದಿದೆ. ಅಧಿಕಾರಿಗಳೇ ಕೆಳಗಿಳಿಯೋಕೆ ಹೆದರ್ತಾರೆ. ಒಳಗಿರೋರು ಯಾವಾಗ ತಿರುಗಿ ಬೀಳ್ತಾರೋ ಗೊತ್ತಿಲ್ಲ. ಅಂಥ ಹೊತ್ತಲ್ಲಿ ಇರೋ ಒಂದು ಕಿವೀನ ಬಿಟ್ಟು ಕಳಿಸ್ತಾನಾ? ಊಟ ಜಾಸ್ತಿ ಕೊಡ್ತಾನೆ. ಕಂಬಳಿ ಕೊಡ್ತಾನೆ. ಬಿಡಲ್ಲ. ಯಾವ ಜೈಲರ್ರೂ ಬಿಡಲ್ಲ."

"ಅಂದ್ರೆ ಕಾನ್..."

"ಇನ್‌ಫಾರ್ಮರ್ ಆಗಿದ್ರೆ ಅಲ್ಲೇ ಸಾಯೋವರ್ಗೂ ಇಟ್ಕೊಂಡಿರೋರು. ಬಿಟ್ರು ಅಂದ್ರೆ ಆಗಿರ್ಲಿಲ್ಲ. ಥೂ, ನನ್ನ ಹದಿನೆಂಟು ವರ್ಷ ಸರ್ವೀಸಿಗೆ!"

ಡಿಸೆಂಬರಿನಲ್ಲಿ ಜಿಲ್ಲೆಯೊಳಗೆ ಓಡಾಡಲು ಬಿಟ್ಟರು. "ನೀನೂ ಬಾ, ಇಂಗ್ಲಿಷ್ ಕೈ ಕೊಟ್ರೆ ಬೇಕಾಗ್ತದೆ" ಎಂದು ಕರೆದರು. ನೋರೀನ್ ಅವರ ಮನೆ ಕಡಿದಾದ ಬೀದಿಯ ಮೇಲ್ತುದಿಯಲ್ಲಿತ್ತು. ನಾವು ಗೇಟಿನ ಹೊರಗೆ ನಿಂತೆವು. ಅವರು ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಂತರು. ಒಳಗೆ ಕರೆಯಲಿಲ್ಲ. ಕರೆಯುವಂತೆಯೂ ಇರಲಿಲ್ಲ.

ಚಾಮರಾಜಣ್ಣ ಹೇಳಬೇಕಾದ್ದನ್ನು ಹೇಳಿದರು. ಬಸವಣ್ಣನ ವಿಷಯ, ಸೂಪರಿಂಟೆಂಡೆಂಟರು ಹೆಸರು ಹೊಡೆದು ಹಾಕುತ್ತಿದ್ದ ವಿಷಯ, ಕಾಲರಾ ಹೊತ್ತಿನಲ್ಲಿ ಒಬ್ಬ ಕ್ಯಾಪ್ಟನ್ ಏನು ಯೋಚಿಸಿರುತ್ತಾನೆ ಎಂಬ ವಿಷಯ. ಇಂಗ್ಲಿಷ್ ಎಲ್ಲೂ ಕೈ ಕೊಡಲಿಲ್ಲ. ನೋರೀನ್ ಕೇಳಿಸಿಕೊಂಡರು. ಮುಖ ಬದಲಾಗಲಿಲ್ಲ.

"ಇದನ್ನು ಯೋಚಿಸಲು ನಿನಗೆ ಮೂರು ತಿಂಗಳು ಬೇಕಾಯಿತಾ?" ಎಂದರು. "ಕೆಲಸ ವಾಪಸು ಬೇಕು, ಅದಕ್ಕೆ ಒಂದು ಒಳ್ಳೆಯ ಕಥೆ ಕಟ್ಟಿಕೊಂಡು ಬಂದಿದ್ದೀಯ."

"ಕೆಲಸ ಬೇಕು, ಮೇಡಂ. ಅದು ಸುಳ್ಳಲ್ಲ. ಇದೂ ಸುಳ್ಳಲ್ಲ."

"ಹಾಗಾದರೆ ಹೇಳು. ಅವನು ಒಳ್ಳೆಯವನಾಗಿದ್ದ, ಅದಕ್ಕೇ ಬಿಟ್ಟರು. ಅಲ್ಲವಾ?"

ಹೌದು ಎಂದುಬಿಟ್ಟರೆ ಸಾಕಿತ್ತು. ದೋಣಿ, ಮೈಕು, ಹೆಸರು ಎಲ್ಲ ಆ ಒಂದು ಮಾತಿನಲ್ಲಿತ್ತು.

"ಅದು ನನಗೆ ಗೊತ್ತಿಲ್ಲ, ಮೇಡಂ" ಎಂದರು ಚಾಮರಾಜಣ್ಣ. "ನೀರು ಹೊತ್ತದ್ದಕ್ಕೆ ಬಿಟ್ಟಿರಬಹುದು. ರೋಗ ಬಂದಾಗ ಜಾಗ ಖಾಲಿ ಮಾಡಲು ಬಿಟ್ಟಿರಬಹುದು. ಕ್ಯಾಪ್ಟನ್ನನಿಗೆ ಅವನ ಮುಖ ಇಷ್ಟವಾಗಿರಬಹುದು. ಯಾಕೆ ಬಿಟ್ಟರು ಅಂತ ನಾನು ಹೇಳಲಾರೆ. ಯಾಕೆ ಅಲ್ಲ ಅಂತ ಮಾತ್ರ ಹೇಳಬಲ್ಲೆ. ಮತ್ತೆ, ಅವನು ಕುರಿ ಕದ್ದಿದ್ದ."

ನೋರೀನ್ ಅವರ ಮೂಗಿನಿಂದ ಒಂದು ಸದ್ದು ಬಂತು. ನಗುವೋ ಕೋಪವೋ ತಿಳಿಯಲಿಲ್ಲ.

"ಕದ್ದಿದ್ದ ಅನ್ನುವುದು ಊರಿಗೇ ಗೊತ್ತು. ಆ ಕುರಿಯನ್ನು ತಿಂದವರ ಸಂತಾನ ಇದೇ ಬೀದಿಯಲ್ಲಿದೆ" ಎಂದರು. ಆಮೇಲೆ ಮೆಟ್ಟಿಲ ಮೇಲೆ ನಿಧಾನವಾಗಿ ಕೂತರು. "ನಮ್ಮಜ್ಜಿ ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲೇ ಕೂರುತ್ತಿದ್ದಳು. ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಅವನನ್ನೇ ಯಾಕೆ ಬಿಟ್ಟರು ಅಂತ ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಕೇಳದೆ ಇರುವುದೇ ಕೇಳಿದಂತೆ. ನಾನು ಮೈಕು ಹಿಡಿದು ಆ ಕಥೆಯನ್ನು ಅಷ್ಟು ಜೋರಾಗಿ ಯಾಕೆ ಹೇಳುತ್ತಿದ್ದೆ ಅಂದುಕೊಂಡೆ? ನೀನು ಹೇಳಿದ್ದು ಹೊಸದೇನಲ್ಲ, ಚಾಮ್. ನನ್ನ ಒಳಗೂ ಅದೇ ಇತ್ತು. ಅದಕ್ಕೇ ನಿನ್ನ ಮುಖ ನೋಡಲಾಗಲಿಲ್ಲ."

ಬೀದಿಯಲ್ಲಿ ಒಬ್ಬರು ನಾಯಿ ಹಿಡಿದು ಹೋದರು. ಮೂವರೂ ಮಾಸ್ಕ್ ಸರಿಮಾಡಿಕೊಂಡೆವು.

"ನಿನ್ನ ಆ ಬಸವಣ್ಣ ಇನ್ನೂ ಒಳಗೇ ಇದ್ದಾನಾ?" ಎಂದು ನೋರೀನ್ ಕೇಳಿದರು.

"ಇದ್ದಾನೆ, ಮೇಡಂ."

"ಹಾಗಾದರೆ ಆ ನಿನ್ನ ಸಾಹೇಬ ದೊಡ್ಡ ಪಾಪಿ."

"ಹೌದು, ಮೇಡಂ."

ನೋರೀನ್ ಎದ್ದು ಬಟ್ಟೆ ಕೊಡವಿಕೊಂಡರು. "ಹವಾಮಾನ ಸರಿಹೋಗಲಿ, ಈ ರೋಗ ಹೋಗಲಿ. ಫೋನ್ ಮಾಡುತ್ತೇನೆ. ಗ್ರ್ಯಾಂಡ್."

ಇಳಿಜಾರಿನಲ್ಲಿ ಬರುವಾಗ ನಾನು, "ಆಯ್ತಲ್ಲ ಅಣ್ಣ, ಕೆಲ್ಸ ಸಿಕ್ತು" ಎಂದೆ.

"ಹೋದ ಸಲಾನೂ ಗ್ರ್ಯಾಂಡ್ ಅಂತಾನೇ ಅಂದಿದ್ಲು" ಎಂದರು ಚಾಮರಾಜಣ್ಣ. ಚಳಿಗಾಲವಿಡೀ ಅವರು ಅದನ್ನು ನಂಬಲಿಲ್ಲ. ಫೋನ್ ಬಂದದ್ದು ಮುಂದಿನ ಜೂನ್‌ನಲ್ಲಿ. ಆಗಲೂ ಬೇರೆ ಯಾವುದೋ ವಿಷಯಕ್ಕೆ ಇರಬಹುದು ಎಂದು ಮೊದಲ ಸಲ ಎತ್ತಲಿಲ್ಲವಂತೆ. ಎರಡನೆಯ ಸಲ ಜಯಮಾಲಾ ಅವರೇ ಎತ್ತಿ ಗಂಡನ ಕಿವಿಗೆ ಹಿಡಿದರು.

ಈಗ ಚಾಮರಾಜಣ್ಣ ಬೇಸಿಗೆಯಲ್ಲಿ ನೋರೀನ್ ಅವರ ದೋಣಿಯಲ್ಲಿ ಹಡಗುಜೈಲಿನ ಕಥೆ ಹೇಳುತ್ತಾರೆ. ಕಾನ್‌ನನ್ನು ಯಾಕೆ ಬಿಟ್ಟರು ಎಂದು ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನುತ್ತಾರೆ. ಚಳಿಗಾಲದಲ್ಲಿ ದೋಣಿಯ ತಳ ಕೆರೆದು ಬಣ್ಣ ಬಳಿಯುತ್ತಾರೆ.